ಆರೋಗ್ಯದ ಗುಟ್ಟು ಬಯಲಾದಾಗ ಪರಿಹಾರ ಕೇಳುವ ಕ್ರಮ

ಕುಟುಂಬ ಕಲ್ಯಾಣದ ಸೌಲಭ್ಯಗಳನ್ನು ಪಡೆಯಬೇಕೆಂಬ ಮನಸ್ಸಿದ್ದರೂ ಅನೇಕ ದಂಪತಿಗಳು ಆಸ್ಪತ್ರೆಯ ಹೊಸ್ತಿಲಲ್ಲಿಯೇ ಹಿಂಜರಿಯುತ್ತಾರೆ. ಸೂಜಿಗಿಂತ ಊರಿನ ಬಾಯಿಗೆ ಅವರು ಹೆಚ್ಚು ಅಂಜುತ್ತಾರೆ. “ಅವಳು ವಂಕಿ ಹಾಕಿಸಿಕೊಂಡಳಂತೆ”, “ಅವನಿಗೆ ಆಪರೇಷನ್ ಆಯಿತಂತೆ” ಎಂಬ ಮಾತು ಮಧುವನಹಳ್ಳಿಯಂತಹ ಊರಿನಲ್ಲಿ ಬೀದಿಯಿಂದ ಬೀದಿಗೆ ಹರಡಲು ಹೆಚ್ಚು ಹೊತ್ತು ಬೇಕಾಗಿಲ್ಲ. ಅಂತಹ ಮಾತಿನಿಂದ ಮನೆಯಲ್ಲಿ ಮನಸ್ತಾಪ ಹುಟ್ಟುತ್ತದೆ. ಅದಕ್ಕೆ ಹೆದರಿ ಅಗತ್ಯವಾದ ಚಿಕಿತ್ಸೆಯನ್ನೇ ಕೈಬಿಡುವವರೂ ಇದ್ದಾರೆ. ಆದುದರಿಂದ ಈ ವಿಷಯದಲ್ಲಿ ಕಾನೂನು ನಿಮಗೆ ನೀಡಿರುವ ರಕ್ಷಣೆಯನ್ನು ದಂಪತಿಗಳಿಬ್ಬರೂ ತಿಳಿದಿರುವುದು ಅವಶ್ಯಕ.

ಗುಟ್ಟು ಯಾರದು?

ನಿಮ್ಮ ಕಾಯಿಲೆ, ಪರೀಕ್ಷೆ, ಚಿಕಿತ್ಸೆಗಳ ವಿವರ ನಿಮ್ಮದು. ಅದನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯವೆಂದು 2002ರ ವೈದ್ಯಕೀಯ ವೃತ್ತಿ ನಿಯಮಾವಳಿ ವಿಧಿಸಿದೆ. ನ್ಯಾಯಾಲಯದ ಆದೇಶವಿದ್ದಾಗ, ಕಾನೂನಿನಂತೆ ವರದಿ ಮಾಡಲೇಬೇಕಾದ ರೋಗವಿದ್ದಾಗ, ಇಲ್ಲವೇ ಬೇರೊಬ್ಬರಿಗೆ ಗಂಭೀರ ಅಪಾಯವಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ ಉಂಟು. ಗರ್ಭಪಾತ ಮಾಡಿಸಿಕೊಂಡ ಸ್ತ್ರೀಯ ಹೆಸರನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ತಿಳಿಸುವ ವೈದ್ಯರಿಗೆ, 2021ರ ತಿದ್ದುಪಡಿಯ ಪ್ರಕಾರ, ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತು, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಈ ಹಕ್ಕು ಪಟ್ಟಣದವರಿಗೆ ಎಷ್ಟೋ ಹಳ್ಳಿಯವರಿಗೂ ಅಷ್ಟೇ.

ಹಣ ಕೊಟ್ಟು ಪಡೆದ ಚಿಕಿತ್ಸೆ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಐದು ಮನೆಯ ಹೆಂಗಸರು ಒಂದೇ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹಣ ತೆತ್ತು ಚಿಕಿತ್ಸೆ ಪಡೆದರು. ಕೆಲವು ದಿನಗಳ ತರುವಾಯ ಐವರ ಮನೆಗೂ ಔಷಧ ಮಾರುವವರ ಫೋನು ಬಂತು. ಕರೆ ಮಾಡಿದವರಿಗೆ ಇವರ ಹೆಸರು, ಚಿಕಿತ್ಸೆ ಎಲ್ಲವೂ ಗೊತ್ತಿತ್ತು. ರೋಗಿಗಳ ಪಟ್ಟಿಯನ್ನು ನರ್ಸಿಂಗ್ ಹೋಮಿನವರೇ ಹೊರಗೆ ಕೊಟ್ಟಿದ್ದರೆ ಅದು ಅಪರಾಧವಲ್ಲವೇ ಎಂದು ನೀವು ಕೇಳಬಹುದು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ವಿವರವನ್ನು ಕಾನೂನಿನ ಸಮ್ಮತಿಯಿಲ್ಲದೆ ಇತರರಿಗೆ ತಿಳಿಸುವುದು ಅನುಚಿತ ವ್ಯಾಪಾರ ಪದ್ಧತಿ. ಇದಕ್ಕಾಗಿ ಪರಿಹಾರ ಕೋರಬಹುದು. ಒಬ್ಬರೇ ದೂರು ಕೊಡಬಹುದು. ಒಂದೇ ಬಗೆಯ ಅನ್ಯಾಯಕ್ಕೊಳಗಾದವರು ಅನೇಕರಿದ್ದರೆ, ಆಯೋಗದ ಅನುಮತಿ ಪಡೆದು, ಎಲ್ಲರ ಪರವಾಗಿ ಒಬ್ಬರು ಅಥವಾ ಹಲವರು ಒಂದೇ ದೂರನ್ನು ಸಲ್ಲಿಸಬಹುದು.

ದೂರು ಸಲ್ಲಿಸುವ ಕ್ರಮ

1. ರಸೀತಿ, ಚೀಟಿ, ಪರೀಕ್ಷಾ ವರದಿಗಳನ್ನು ಜೋಪಾನವಾಗಿಡಿ. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿದ ಚೀಟಿಯನ್ನು ಹಣ ಕೈಸೇರುವ ತನಕ ಕಾಪಾಡುವಿರಲ್ಲವೇ? ಹಾಗೆಯೇ ಇದೂ.

2. ನಿಮ್ಮ ಚಿಕಿತ್ಸಾ ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಗಳೊಳಗೆ ವೈದ್ಯರು ಕೊಡತಕ್ಕದ್ದು.

3. ವಿವರ ಹೇಗೆ ಹೊರಬಿತ್ತು, ಯಾರು ಯಾವ ದಿನ ಕರೆದರು, ಏನೆಂದರು ಎಂಬುದನ್ನು ಮರೆಯುವ ಮೊದಲೇ ಬರೆದಿಡಿ. ಫೋನಿನಲ್ಲಿ ಬಂದ ಸಂದೇಶಗಳನ್ನು ಅಳಿಸಬೇಡಿ.

4. ಎರಡು ವರ್ಷಗಳೊಳಗೆ ಚಾಮರಾಜನಗರದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿ. ಆಸ್ಪತ್ರೆ ಬೇರೆ ಜಿಲ್ಲೆಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಚಿಕಿತ್ಸೆಗೆ ತೆತ್ತ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನಿಡಲೇಬೇಕೆಂಬ ಕಟ್ಟಳೆಯೂ ಇಲ್ಲ.

5. ಸಲಹೆ ಬೇಕಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಾದರೆ?

ಎಲ್ಲರಿಗೂ ಉಚಿತವಾಗಿ ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಮಾನಿಸಿದೆ. ಆದರೆ ಗುಟ್ಟು ಕಾಯುವ ಹೊಣೆ ನಮಗೂ ಇದೆ. ಉಚಿತ ಚಿಕಿತ್ಸೆಯೆಂದು ಅದು ಕಡಿಮೆಯಾಗದು. ನಮ್ಮ ಸಿಬ್ಬಂದಿಯಿಂದ ತಪ್ಪಾದರೆ ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ವೈದ್ಯರು ಸರ್ಕಾರಿಯಾಗಲಿ ಖಾಸಗಿಯಾಗಲಿ, ಅವರ ನಡತೆಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರಬಹುದು.

ರಾಜಿಯ ಮಾತು ಬಂದಾಗ

ಎರಡೂ ಪಕ್ಷಗಳು ಒಪ್ಪಿದರೆ ಆಯೋಗವು ಮಧ್ಯಸ್ಥಿಕೆಗೆ ಕಳುಹಿಸಬಹುದು. ರಾಜಿಪತ್ರವನ್ನು ಓದಿಸಿ, ಅರ್ಥಮಾಡಿಕೊಂಡ ಬಳಿಕವೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ.

ಅಮೆರಿಕದಲ್ಲಿ ಆಂಥೆಮ್ ಎಂಬ ಆರೋಗ್ಯ ವಿಮಾ ಸಂಸ್ಥೆಯಿಂದ ಸುಮಾರು 7.9 ಕೋಟಿ ಜನರ ವಿವರಗಳು ಕಳುವಾದ ಸಂಗತಿ 2015ರಲ್ಲಿ ಹೊರಬಿತ್ತು. ಜನರು ಒಟ್ಟಾಗಿ ಹೂಡಿದ ದಾವೆಯಲ್ಲಿ ಸಂಸ್ಥೆಯು 2017ರಲ್ಲಿ 11.5 ಕೋಟಿ ಡಾಲರುಗಳ ರಾಜಿಗೆ ಒಪ್ಪಿತು. ಆದರೆ ಅದರ ಪ್ರಯೋಜನ ಪಡೆಯಲು ಗೊತ್ತುಪಡಿಸಿದ ದಿನದೊಳಗೆ ಅರ್ಜಿ ಸಲ್ಲಿಸಬೇಕಾಗಿತ್ತು. ಹಕ್ಕು ಎಲ್ಲರಿಗಿದ್ದರೂ ಕೇಳಿದವರಿಗಷ್ಟೇ ಫಲ ದೊರೆಯುವುದೆಂಬ ಪಾಠ ಇದರಲ್ಲಿದೆ.

ಒಂದು ಎಚ್ಚರಿಕೆ: “ನಿಮಗೆ ಪರಿಹಾರದ ಹಣ ಬಂದಿದೆ” ಎಂದು ಫೋನಿನಲ್ಲಿ ಹೇಳಿ ಬ್ಯಾಂಕಿನ ವಿವರ, ಓಟಿಪಿ ಅಥವಾ ಮುಂಗಡ ಹಣ ಕೇಳುವವರನ್ನು ನಂಬಬೇಡಿ.

ದಂಪತಿಗಳೇ, ಗುಟ್ಟಿನ ಕಾವಲು ಮನೆಯಿಂದಲೇ ಮೊದಲಾಗಲಿ. ಪತಿಯ ಚಿಕಿತ್ಸೆಯನ್ನು ಪತ್ನಿಯೂ ಪತ್ನಿಯ ಚಿಕಿತ್ಸೆಯನ್ನು ಪತಿಯೂ ಪರರ ಮುಂದೆ ಆಡದಿರಲಿ. ಹೊರಗಿನವರು ಆಡಿದರೆ ಸಂಕೋಚದಿಂದ ತಲೆತಗ್ಗಿಸಬೇಡಿ, ತಪ್ಪು ನಿಮ್ಮದಲ್ಲ. ಕಾಗದಗಳನ್ನು ಕೂಡಿಸಿಕೊಂಡು ಇಬ್ಬರೂ ಜೊತೆಯಾಗಿ ಹೋಗಿ ದೂರು ಸಲ್ಲಿಸಿ. ಅಂಜಿಕೆಯಿಂದ ಚಿಕಿತ್ಸೆಯನ್ನು ಮಾತ್ರ ಎಂದಿಗೂ ಬಿಡಬೇಡಿ.