ತೂಕ ಇಳಿದ ಮೇಲೆ ಎದೆಯುರಿ

ಬೊಜ್ಜಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಇಂದು ಹೆಚ್ಚು ಪ್ರಚಲಿತವಾದುದು ‘ಸ್ಲೀವ್’. ಇದರಲ್ಲಿ ಜಠರದ ಶೇ. 75-80ರಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಾಕಾರದ ಕಿರಿದಾದ ಕೊಳವೆ. ತೂಕವೇನೋ ಇಳಿಯುತ್ತದೆ. ಆದರೆ ಸುಲಭವಾಗಿ ಹಿಗ್ಗದ ಆ ಕೊಳವೆಯೊಳಗೆ ಒತ್ತಡವೇರಿ, ಆಮ್ಲವು ಅನ್ನನಾಳಕ್ಕೆ ಮರಳಿ ಉಕ್ಕುವುದುಂಟು. ಎದೆಯುರಿ, ಹುಳಿತೇಗು, ರಾತ್ರಿಯ ಕೆಮ್ಮು ಇದರ ಕುರುಹುಗಳು.

ಇದನ್ನು ಬರಿಯ ‘ಪಿತ್ತ’ವೆಂದು ತಿಳಿದು, ಅಂಗಡಿಯ ಮಾತ್ರೆ ನುಂಗುತ್ತ ವರ್ಷಗಳನ್ನು ಕಳೆಯುವುದನ್ನು ನಾವು ಒಪ್ಪಲಾರೆವು. ಆಮ್ಲವು ಬಹುಕಾಲ ತಾಗಿದರೆ ಅನ್ನನಾಳದ ಒಳಪದರವೇ ಬದಲಾಗಿ, ಅಪರೂಪಕ್ಕೆ ಕ್ಯಾನ್ಸರಿಗೂ ದಾರಿಯಾಗಬಹುದು. ಉರಿಯೇ ಇಲ್ಲದವರಲ್ಲಿಯೂ ಈ ಬದಲಾವಣೆ ಕಂಡುಬಂದಿದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದ 1 ವರ್ಷಕ್ಕೆ, ಅನಂತರ 2-3 ವರ್ಷಗಳಿಗೊಮ್ಮೆ ಎಂಡೋಸ್ಕೋಪಿ ಮಾಡಿಸುವುದು ಲೇಸು. ಆಮ್ಲ ತಗ್ಗಿಸುವ ಮಾತ್ರೆ ದೀರ್ಘಕಾಲ ನಡೆದರೆ ಬಿ12 ಜೀವಸತ್ತ್ವವೂ ಕುಂದಬಹುದು. ಸಸ್ಯಾಹಾರಿಗಳಾದ ನಮ್ಮಲ್ಲಿ ಅದು ಮೊದಲೇ ಕಡಿಮೆ.

ಊಟಕ್ಕೂ ಮಲಗುವುದಕ್ಕೂ ನಡುವೆ 3 ಗಂಟೆ ಬಿಡುವಿರಲಿ. ಮಂಚದ ತಲೆಭಾಗ ತುಸು ಎತ್ತರವಿರಲಿ. ಪ್ರಸಾದ ಚೆಲ್ಲಬಾರದೆಂದು ದಾಸೋಹದಲ್ಲಿ ಹೊಟ್ಟೆ ಮೀರಿ ಉಣ್ಣುವುದಕ್ಕಿಂತ, ಬಡಿಸುವಾಗಲೇ ‘ಸ್ವಲ್ಪ ಸಾಕು’ ಎನ್ನುವುದು ಉಚಿತ.

ಇಷ್ಟಕ್ಕೂ ತಗ್ಗದಿದ್ದರೆ ಸ್ಲೀವನ್ನು, ಜಠರದ ಪುಟ್ಟ ಚೀಲವನ್ನು ಸಣ್ಣ ಕರುಳಿಗೆ ಜೋಡಿಸುವ ‘ಬೈಪಾಸ್’ಗೆ ಮಾರ್ಪಡಿಸುವುದುಂಟು. ಮೊದಲಿನಿಂದಲೂ ತೀವ್ರ ಎದೆಯುರಿ ಇರುವವರು ಅದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಅಂಥವರಿಗೆ ಸಾಮಾನ್ಯವಾಗಿ ಬೈಪಾಸೇ ಮೇಲು.