ಮೌತ್ ಆರ್ಗನ್‌ನಲ್ಲಿ ಕೋಮಲ ಗಾಂಧಾರದ ಹಾಡು: ‘ಸಾ’ ಎಲ್ಲಿ ಹಿಡಿಯಬೇಕು?



ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಆಟಿಕೆಗಳ ಅಂಗಡಿ ಸಾಲಿನ ಮುಂದೆ ನಿಂತವರಿಗೆ ಮೌತ್ ಆರ್ಗನ್ ಹೊಸದೇನಲ್ಲ. ಊದಿದರೂ ನಾದ, ಎಳೆದರೂ ನಾದ. ಕೊಂಡ ದಿನವೇ ಏನೋ ಒಂದು ನುಡಿಸಿದಂತಾಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ತಿಕೋಟಾದಿಂದ ದಿನವೂ ಬಸ್ಸಿನಲ್ಲಿ ವಿಜಯಪುರದ ಕಾಲೇಜಿಗೆ ಬರುವ ಹುಡುಗನೊಬ್ಬ ಒಮ್ಮೆ ನನ್ನ ಮುಂದೆ ತನ್ನ ವಾದ್ಯವನ್ನಿಟ್ಟು, “ಸರ್, ಇದ್ರಾಗ ನಗೂ ಹಾಡ ಬರ್ತಾವ್ರಿ, ಅಳೂ ಹಾಡ ಬರೂದಿಲ್ರಿ” ಎಂದ. ಅವನಿಗೆ ನುಡಿಸಬೇಕಾಗಿದ್ದದ್ದು ಅಜ್ಜಿಯ ಬೀಸುವ ಪದದ ಧಾಟಿ. ಮನೆಯ ಬೀಸುಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾದರೂ ಅಜ್ಜಿ ಆ ಧಾಟಿಯನ್ನು ಗುನುಗುತ್ತಾಳಂತೆ. ಕಾಲೇಜಿನ ಗ್ಯಾದರಿಂಗ್‌ಗೆ ಹೆಸರು ಕೊಟ್ಟು, ಧಾಟಿ ಕೈಗೆ ಹತ್ತದೆ, ತನ್ನ ಕಿವಿಯೇ ಸರಿಯಿಲ್ಲವೆಂದು ತೀರ್ಮಾನಿಸಿ ಹೆಸರು ಹಿಂದಕ್ಕೆ ಪಡೆದಿದ್ದ.

ಅವನ ಕಿವಿ ಚೆನ್ನಾಗಿಯೇ ಇತ್ತು. ತಪ್ಪಿದ್ದು ‘ಸಾ’ ಇಟ್ಟುಕೊಂಡ ಜಾಗ.

ಮೊದಲು ವಾದ್ಯವನ್ನು ನೋಡೋಣ. ಹತ್ತು ರಂಧ್ರಗಳ ಸಾದಾ ಮೌತ್ ಆರ್ಗನ್‌ನ ಮೇಲೆ ‘ಸಿ’ ಎಂದು ಕೆತ್ತಿದ್ದರೆ, ಅದರಲ್ಲಿರುವುದು ಹಾರ್ಮೋನಿಯಂನ ಬಿಳಿ ಮನೆಗಳ ಸ್ವರಗಳು ಮಾತ್ರ, ಕಪ್ಪು ಮನೆಗಳಿಲ್ಲ. ಊದಿದಾಗ ಸಿ, ಇ, ಜಿ ಎಂಬ ಮೂರೇ ಸ್ವರಗಳು ಒಂದರಿಂದ ಹತ್ತರವರೆಗೆ ಮತ್ತೆ ಮತ್ತೆ ಬರುತ್ತವೆ. ಎಳೆದಾಗ ಕ್ರಮವಾಗಿ ಡಿ, ಜಿ, ಬಿ, ಡಿ, ಎಫ್, ಎ, ಬಿ, ಡಿ, ಎಫ್, ಎ ಬರುತ್ತವೆ. ನಾಲ್ಕರಿಂದ ಏಳನೆಯ ರಂಧ್ರದವರೆಗಿನ ನಡುವಣ ಸಪ್ತಕ ಮಾತ್ರ ಪೂರ್ಣವಾಗಿದೆ. ಕೆಳಗಿನ ಸಪ್ತಕದಲ್ಲಿ ಎಫ್ ಮತ್ತು ಎ ಇಲ್ಲ, ಮೇಲಿನದರಲ್ಲಿ ಬಿ ಇಲ್ಲ. ಇದು ತಯಾರಕರ ಅಜಾಗರೂಕತೆಯಲ್ಲ. 1857ರಲ್ಲಿ ಜರ್ಮನಿಯ ಟ್ರೊಸಿಂಗನ್‌ನಲ್ಲಿ ಮಥಿಯಾಸ್ ಹೋನರ್ ಈ ವಾದ್ಯದ ತಯಾರಿಕೆ ಆರಂಭಿಸಿದ. ಆ ಕಡೆಯ ಜನಪದ ಧಾಟಿಗಳಿಗೆ ಎಡಗಡೆಯ ರಂಧ್ರಗಳಲ್ಲಿ ಒಟ್ಟೊಟ್ಟಿಗೆ ಮೂರು ಸ್ವರಗಳ ಜೊತೆ ಸಿಗಬೇಕಾಗಿತ್ತು. ಅದಕ್ಕಾಗಿ ಎರಡು ಸ್ವರಗಳನ್ನು ಬಿಟ್ಟುಕೊಟ್ಟರು. ನಮಗೆ ಬೇಕಾದದ್ದು ಒಂಟಿ ಸ್ವರಗಳ ಸಾಲು. ಹಾಗಾಗಿ ಅವರ ಅನುಕೂಲ ನಮಗೆ ಅಡಚಣೆಯಾಗಿದೆ.

ನಮ್ಮ ಹುಡುಗ ನಾಲ್ಕನೆಯ ರಂಧ್ರವನ್ನು ಊದಿ ಅದನ್ನೇ ಸಾ ಎಂದುಕೊಂಡಿದ್ದ. ಎಲ್ಲರೂ ಮಾಡುವುದು ಹಾಗೆಯೇ. ಆಗ ಬರುವುದು ಎಲ್ಲಾ ಶುದ್ಧ ಸ್ವರಗಳ ಬಿಲಾವಲ್ ಥಾಟ್, ಅಂದರೆ ಪಾಶ್ಚಾತ್ಯರ ಮೇಜರ್. ಅಜ್ಜಿಯ ಧಾಟಿಯಲ್ಲಿದ್ದದ್ದು ಕೋಮಲ ಗಾಂಧಾರ. ಸಿ ಸಾ ಆದರೆ ಕೋಮಲ ಗ ಒಂದು ಕಪ್ಪು ಮನೆ, ಮತ್ತು ಈ ವಾದ್ಯದ ನಡುವಣ ಸಪ್ತಕದಲ್ಲಿ ಅದು ಇಲ್ಲವೇ ಇಲ್ಲ. ಅವನು ಎಷ್ಟು ತಿಣುಕಿದರೂ ಶುದ್ಧ ಗ ಬಂದು ಧಾಟಿ ನಗತೊಡಗುತ್ತಿತ್ತು.

ಈಗ ಒಂದು ಪ್ರಯೋಗ ಮಾಡಿ. ಹಾರ್ಮೋನಿಯಂ ಸಿಕ್ಕರೆ ಬಿಳಿ ಒಂದರಿಂದ ಮುಂದಿನ ಬಿಳಿ ಒಂದರವರೆಗೆ ಬಿಳಿ ಮನೆಗಳನ್ನಷ್ಟೇ ನುಡಿಸಿ. ಆಮೇಲೆ ಬಿಳಿ ಎರಡರಿಂದ ಹೊರಟು ಅದನ್ನೇ ಸಾ ಎಂದುಕೊಂಡು ನುಡಿಸಿ. ಮನೆಗಳು ಅವೇ, ಆದರೆ ಕಿವಿಗೆ ಕೇಳುವುದು ಬೇರೆ. ಗ ಮತ್ತು ನಿ ಕೋಮಲವಾಗಿ ಕಾಫಿ ಥಾಟ್ ಬಂದಿರುತ್ತದೆ. ಹೀಗೆ ಆಧಾರ ಸ್ವರವನ್ನು ಸರಿಸಿ ಹೊಸ ಮೇಳ ಪಡೆಯುವುದನ್ನು ನಮ್ಮ ಹಳೆಯ ಶಾಸ್ತ್ರಗ್ರಂಥಗಳು ಮೂರ್ಛನೆ ಎನ್ನುತ್ತವೆ. ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಹೇಳಿದ ಹತ್ತು ಥಾಟ್‌ಗಳಲ್ಲಿ ಆರು ಬಿಳಿ ಮನೆಗಳಲ್ಲೇ ಅಡಗಿವೆ: ಸಿ ಇಂದ ಬಿಲಾವಲ್, ಡಿ ಇಂದ ಕಾಫಿ, ಇ ಇಂದ ಭೈರವಿ, ಎಫ್ ಇಂದ ಕಲ್ಯಾಣ್, ಜಿ ಇಂದ ಖಮಾಜ್, ಎ ಇಂದ ಆಸಾವರಿ. ಇವುಗಳಲ್ಲಿ ಕೋಮಲ ಗ ಇರುವುದು ಕಾಫಿ, ಆಸಾವರಿ, ಭೈರವಿ ಮೂರಕ್ಕೆ. ಮೈನರ್ ಎಂದು ಕರೆಯುವ ಧಾಟಿಗಳಲ್ಲಿ ಹೆಚ್ಚಿನವು ಈ ಮೂರರೊಳಗೆ ಕೂರುತ್ತವೆ.

ಮೌತ್ ಆರ್ಗನ್ ನುಡಿಸುವವರು ಇದನ್ನೇ ‘ಪೊಸಿಷನ್’ ಎನ್ನುತ್ತಾರೆ. ಅವರ ಎಣಿಕೆ ಸಾ–ಪ ಸರಪಳಿಯಂತೆ ಹೋಗುತ್ತದೆ. ಸಿ ಒಂದನೆಯದು. ಅದರ ಪಂಚಮ ಜಿ ಎರಡನೆಯದು, ಜಿಯ ಪಂಚಮ ಡಿ ಮೂರನೆಯದು, ಡಿಯ ಪಂಚಮ ಎ ನಾಲ್ಕನೆಯದು, ಎಯ ಪಂಚಮ ಇ ಐದನೆಯದು. ಹಾಗಾಗಿ ಮೂರನೆಯ ಪೊಸಿಷನ್ ಎಂದರೆ ಕಾಫಿ, ನಾಲ್ಕನೆಯದು ಆಸಾವರಿ, ಐದನೆಯದು ಭೈರವಿ. ಈ ಸಂಖ್ಯೆಗೂ ರಂಧ್ರದ ಸಂಖ್ಯೆಗೂ ಸಂಬಂಧವಿಲ್ಲ. ಹೊಸಬರು ಇಲ್ಲಿ ತಪ್ಪದೇ ಎಡವುತ್ತಾರೆ.

ಕಾಫಿಯನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ. ಸಾ ನಾಲ್ಕನೆಯ ರಂಧ್ರವನ್ನು ಎಳೆದಾಗ ಬರುತ್ತದೆ. ರಿ ಐದು ಊದು, ಗ ಐದು ಎಳೆ, ಮ ಆರು ಊದು, ಪ ಆರು ಎಳೆ, ಧ ಏಳು ಎಳೆ, ನಿ ಏಳು ಊದು, ಮೇಲಿನ ಸಾ ಎಂಟು ಎಳೆ. ಒಂದು ಸ್ವರವೂ ತಪ್ಪಲಿಲ್ಲ. ಸಾಲದ್ದಕ್ಕೆ ನಾಲ್ಕು, ಐದು, ಆರು ರಂಧ್ರಗಳನ್ನು ಒಟ್ಟಿಗೆ ಎಳೆದರೆ ಸಾ, ಕೋಮಲ ಗ, ಪ ಮೂರೂ ಕೂಡಿ ಕೇಳುತ್ತವೆ. ಧಾಟಿಯ ನಡುವೆ ನಿಲ್ಲುವಾಗ ಇದು ತಂಬೂರಿಯಂತೆ ಒದಗುತ್ತದೆ. ಭೀಮಪಲಾಸಿಯ ಆರೋಹವಾದ ‘ನಿ ಸಾ ಗ ಮ ಪ ನಿ ಸಾ’ ಬೇಕಾದರೆ ನಾಲ್ಕು ಊದು, ನಾಲ್ಕು ಎಳೆ, ಐದು ಎಳೆ, ಆರು ಊದು, ಆರು ಎಳೆ, ಏಳು ಊದು, ಎಂಟು ಎಳೆ. ಸಿನಿಮಾದ ಅದೆಷ್ಟೋ ದುಃಖದ ಹಾಡುಗಳಿಗೆ ಆಸರೆಯಾದ ಶಿವರಂಜನಿಯೂ (ಸಾ ರಿ ಗ ಪ ಧ) ಇಲ್ಲೇ ಸಿಗುತ್ತದೆ.

ಒಂದು ಕಷ್ಟ ಉಸಿರಿನದು. ಇಲ್ಲಿ ಸಾ, ಗ, ಪ, ಧ ಎಲ್ಲವೂ ಎಳೆಯುವ ಸ್ವರಗಳು. ಸಾ ಮೇಲೆ ನಾಲ್ಕು ಮಾತ್ರೆ ನಿಂತು, ಗ ಮೇಲೆ ಮತ್ತೆ ನಿಂತರೆ ಎದೆ ತುಂಬಿ ಇನ್ನು ಎಳೆಯಲು ಜಾಗವಿರುವುದಿಲ್ಲ. ಸ್ವರ ಸ್ವರಗಳ ನಡುವೆ ಮೂಗಿನಿಂದ ಉಸಿರನ್ನು ಹೊರಗೆ ಬಿಡುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ತೀರ ಜೋರಾಗಿ ಎಳೆಯಬೇಡಿ. ಹಾಗೆ ಎಳೆದರೆ ರೀಡ್ ಬೇಗ ಹಾಳಾಗುತ್ತದೆ, ಅಷ್ಟೇ.

ಭೈರವಿಯಲ್ಲಿ ಈ ಕಷ್ಟ ಕಡಿಮೆ. ಸಾ ಐದು ಊದು, ಕೋಮಲ ರಿ ಐದು ಎಳೆ, ಕೋಮಲ ಗ ಆರು ಊದು, ಮ ಆರು ಎಳೆ, ಪ ಏಳು ಎಳೆ, ಕೋಮಲ ಧ ಏಳು ಊದು, ಕೋಮಲ ನಿ ಎಂಟು ಎಳೆ, ಮೇಲಿನ ಸಾ ಎಂಟು ಊದು. ಉಸಿರು ಒಳಗೆ ಹೊರಗೆ ಸಮವಾಗಿ ಓಡಾಡುತ್ತದೆ. ನಮ್ಮ ಕಛೇರಿಗಳಲ್ಲಿ ಕೊನೆಗೆ ಬರುವ ಭೈರವಿಯಲ್ಲಿ ಗಾಯಕರು ಶುದ್ಧ ರಿ, ತೀವ್ರ ಮ ಎಂದು ಹನ್ನೆರಡೂ ಸ್ವರಗಳನ್ನು ಮುಟ್ಟಿ ಬರುತ್ತಾರೆ. ಈ ವಾದ್ಯದಲ್ಲಿ ಆ ಆಸೆ ಬೇಡ. ಏಳು ಸ್ವರಗಳೊಳಗೇ ಇರುವ ಭಜನೆಯ ಧಾಟಿಗಳು ಮಾತ್ರ ಬಹಳ ಚೆನ್ನಾಗಿ ಬರುತ್ತವೆ.

ಆಸಾವರಿಗೆ ಸಾ ಆರು ಎಳೆ. ಅಲ್ಲಿಂದ ಹತ್ತು ಎಳೆಯವರೆಗೆ ಸಪ್ತಕ ಪೂರ್ಣವಾಗಿದೆ, ಆದರೆ ನಾದ ಕೀರಲು. ಕೆಳಗೆ ಐದು ಊದುವಿನ ಪ, ಐದು ಎಳೆಯ ಧ, ಆರು ಊದುವಿನ ನಿ ಸಿಗುತ್ತವೆ. ಮಂದ್ರ ಪದಿಂದ ಹೊರಟು ಮಧ್ಯ ಪ ಮುಟ್ಟಿ ಮರಳುವ ಧಾಟಿಗೆ ಇದೇ ಸರಿ.

ಹಾಗಾದರೆ ನಿಮ್ಮ ಧಾಟಿ ಯಾವುದಕ್ಕೆ ಸೇರಿದ್ದು? ವಾದ್ಯ ಮುಟ್ಟುವ ಮೊದಲು ಹಾಡಿಕೊಳ್ಳಿ. ಎಲ್ಲಿ ಬಂದು ನಿಂತರೆ ಹಾಡು ಮುಗಿದಂತೆ ಅನ್ನಿಸುತ್ತದೋ ಸಾಮಾನ್ಯವಾಗಿ ಅದು ಸಾ. ನಂತರ ರಿ ಕೇಳಿ. ಸಾ ಪಕ್ಕಕ್ಕೆ ಒತ್ತಿಕೊಂಡು ಕೋಮಲವಾಗಿದ್ದರೆ ಐದನೆಯ ಪೊಸಿಷನ್. ರಿ ಶುದ್ಧವಾಗಿದ್ದರೆ ಧ ಕೇಳಿ. ಅದು ಕೋಮಲವಾದರೆ ನಾಲ್ಕನೆಯದು, ಶುದ್ಧವಾದರೆ ಮೂರನೆಯದು. ಕೆಲವು ಧಾಟಿಗಳಲ್ಲಿ ಈ ಸ್ವರಗಳೇ ಇರುವುದಿಲ್ಲ, ಆಗ ಆಯ್ಕೆ ನಿಮ್ಮದು. ಮಾಲಕೌಂಸದಲ್ಲಿ ರಿ, ಪ ಎರಡೂ ಇಲ್ಲ. ಅದು ಆಸಾವರಿಯ ಜಾಗದಲ್ಲೂ ಬರುತ್ತದೆ, ಭೈರವಿಯ ಜಾಗದಲ್ಲೂ ಬರುತ್ತದೆ. ನನ್ನನ್ನು ಕೇಳಿದರೆ ಐದನೆಯದೇ ಮೇಲು. ಆ ಗಂಭೀರ ರಾಗವನ್ನು ಕೀರಲು ಸಪ್ತಕದಲ್ಲಿ ನುಡಿಸಿದರೆ ಅದರ ತೂಕವೇ ಹೋಗುತ್ತದೆ.

ಕೆಲವು ಧಾಟಿಗಳು ಯಾವ ಜಾಗದಲ್ಲೂ ಕೂರುವುದಿಲ್ಲ. ಕೋಮಲ ಗ, ಕೋಮಲ ಧ ಇದ್ದು ನಿ ಮಾತ್ರ ಶುದ್ಧವಾಗಿರುವ ಕೀರವಾಣಿ ಅಂಥದ್ದು. ಅದಕ್ಕೆ ಹಾರ್ಮೋನಿಕ್ ಮೈನರ್ ಎಂದೇ ಶ್ರುತಿ ಮಾಡಿದ ವಾದ್ಯವೋ, ಪಕ್ಕದಲ್ಲಿ ಗುಂಡಿಯಿದ್ದು ಹನ್ನೆರಡೂ ಸ್ವರಗಳನ್ನು ಕೊಡುವ ಕ್ರೊಮ್ಯಾಟಿಕ್ ವಾದ್ಯವೋ ಬೇಕು. ಪ್ರತಿ ಸ್ವರಕ್ಕೆ ಎರಡೆರಡು ರೀಡ್‌ಗಳಿದ್ದು ನಾದ ಅಲುಗುವ ಟ್ರೆಮೊಲೊ ವಾದ್ಯ ನಿಮ್ಮಲ್ಲಿದ್ದರೆ ಇಲ್ಲಿಯ ರಂಧ್ರಸಂಖ್ಯೆಗಳು ಹೊಂದುವುದಿಲ್ಲ. ಸಾ ಸರಿಸುವ ಉಪಾಯ ಮಾತ್ರ ಅಲ್ಲಿಗೂ ನಡೆಯುತ್ತದೆ.

ಎಳೆಯುವಾಗ ನಾಲಿಗೆಯನ್ನು ಹಿಂದಕ್ಕೆ ತಂದು ಬಾಯೊಳಗಿನ ಜಾಗ ಬದಲಿಸಿದರೆ ಕೆಲವು ಸ್ವರಗಳು ಬಾಗಿ ಕೆಳಗಿಳಿಯುತ್ತವೆ. ಇದಕ್ಕೆ ಬೆಂಡಿಂಗ್ ಎನ್ನುತ್ತಾರೆ. ಒಂದು ರಂಧ್ರದ ಊದುವ ಸ್ವರ, ಎಳೆಯುವ ಸ್ವರಗಳ ನಡುವೆ ಎಷ್ಟು ಅಂತರವಿದೆಯೋ ಅದರೊಳಗೆ ಮಾತ್ರ ಬಾಗುವಿಕೆ ಸಾಧ್ಯ. ಮೂರನೆಯ ರಂಧ್ರದಲ್ಲಿ ಎಳೆದರೆ ಬಿ, ಊದಿದರೆ ಜಿ. ಆದ್ದರಿಂದ ನಡುವಿನ ಮೂರು ಸ್ವರಗಳನ್ನೂ, ಕಾಣೆಯಾದ ಎಯನ್ನೂ ಸೇರಿಸಿ, ಪಳಗಿದವರು ಅಲ್ಲಿ ಹೊರಡಿಸುತ್ತಾರೆ. ಐದನೆಯದರಲ್ಲಿ ಇ ಮತ್ತು ಎಫ್ ಅಕ್ಕಪಕ್ಕದವು, ಬಾಗಲು ಜಾಗವಿಲ್ಲ. ಕಾಫಿಯ ಕೋಮಲ ಗ ಇರುವುದು ಅಲ್ಲಿಯೇ. ಗಾಯಕರು ಆ ಗವನ್ನು ತೂಗುವಂತೆ ಇಲ್ಲಿ ತೂಗಲಾಗದು. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತೆಂಬುದನ್ನು ನೆನೆಯಿರಿ. ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯವೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ.

ರಾಗದ ಹೆಸರು ಬಂದಾಗ ವಿಜಯಪುರದವರಿಗೆ ಒಂದು ಮಾತು. ತಿಕೋಟಾ ಕಡೆಗೆ ಹೋಗುವ ದಾರಿಯಲ್ಲಿ ತೊರವಿಯ ಬಳಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರದ ಅವಶೇಷಗಳಿವೆ. ಆತ ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಹಾಡುಗಳನ್ನು ರಾಗದ ಹೆಸರಿನಡಿ ಜೋಡಿಸಲಾಗಿದೆ. ಕಾನಡಾ, ಆಸಾವರಿಗಳು ಅಲ್ಲಿವೆ. ಅಂದಿನ ಆಸಾವರಿಯೇ ಇಂದಿನದು ಎಂದು ತಿಳಿಯಬಾರದು, ರಾಗಗಳು ರೂಪ ಬದಲಿಸುತ್ತ ಬಂದಿವೆ. ಆತನಿಗೆ ತನ್ನ ತಂಬೂರಿಯ ಮೇಲೆ ಎಷ್ಟು ಪ್ರೀತಿಯಿತ್ತೆಂದರೆ ಅದಕ್ಕೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ.

ಇನ್ನು ಜೊತೆಗೂಡಿ ನುಡಿಸುವ ವಿಚಾರ. ಬಬಲೇಶ್ವರದ ಒಂದು ಭಜನಾ ಮೇಳದಲ್ಲಿ ನೀವು ಕೂತಿದ್ದೀರಿ, ಹಾರ್ಮೋನಿಯಂನವರು ಕಪ್ಪು ಒಂದನ್ನು ಸಾ ಹಿಡಿದಿದ್ದಾರೆ ಎನ್ನಿ. ನಿಮ್ಮ ಸಿ ವಾದ್ಯದಲ್ಲಿ ಕಾಫಿಯ ಸಾ ಬಿಳಿ ಎರಡು, ಭೈರವಿಯದು ಬಿಳಿ ಮೂರು, ಆಸಾವರಿಯದು ಬಿಳಿ ಆರು. ಯಾವುದೂ ಹೊಂದದು. ಹೊಂದುವ ವಾದ್ಯ ಹುಡುಕಲು ಕಪ್ಪು, ಬಿಳಿ ಎಲ್ಲ ಮನೆಗಳನ್ನೂ ಒಂದೊಂದಾಗಿ ಎಣಿಸಿ. ಕಾಫಿಗೆ ಹಾಡುವವರ ಸಾದಿಂದ ಎರಡು ಮನೆ ಕೆಳಗೆ, ಭೈರವಿಗೆ ನಾಲ್ಕು ಮನೆ ಕೆಳಗೆ, ಆಸಾವರಿಗೆ ಮೂರು ಮನೆ ಮೇಲೆ. ಕಪ್ಪು ಒಂದಕ್ಕೆ ಕಾಫಿಯಾದರೆ ಬಿ ವಾದ್ಯ, ಭೈರವಿಯಾದರೆ ಎ ವಾದ್ಯ, ಆಸಾವರಿಯಾದರೆ ಇ ವಾದ್ಯ. ಎಲ್ಲವನ್ನೂ ಕೊಳ್ಳುವುದು ವಿದ್ಯಾರ್ಥಿಗಳ ಕಿಸೆಗೆ ಭಾರ. ಒಂದೇ ಕೊಳ್ಳುವುದಾದರೆ ಸಿ ಕೊಳ್ಳಿ, ಹಾಡುವವರನ್ನು ನಿಮ್ಮ ಸಾಗೆ ಬರುವಂತೆ ವಿನಯದಿಂದ ಕೇಳಿ. ಗಂಡುಮಕ್ಕಳ ಕಂಠಕ್ಕೆ ಬಿಳಿ ಎರಡು, ಹೆಣ್ಣುಮಕ್ಕಳ ಕಂಠಕ್ಕೆ ಬಿಳಿ ಆರು ಅಷ್ಟೇನೂ ದೂರವಿರುವುದಿಲ್ಲ.

ಬೆಂಡು ಬತ್ತಾಸು ತಿಂದ ಬಾಯಲ್ಲಿ ನುಡಿಸಬೇಡಿ, ಸಕ್ಕರೆ ರೀಡ್‌ಗೆ ಅಂಟಿಕೊಳ್ಳುತ್ತದೆ. ಒಬ್ಬರ ವಾದ್ಯವನ್ನು ಇನ್ನೊಬ್ಬರು ಊದುವುದೂ ಬೇಡ.

ತಿಕೋಟಾದ ಹುಡುಗನ ಧಾಟಿಯಲ್ಲಿ ರಿ ಶುದ್ಧವಿತ್ತು, ಧ ಬರುತ್ತಲೇ ಇರಲಿಲ್ಲ. ಮಂದ್ರ ನಿಯಿಂದ ಪವರೆಗಿನ ಚಿಕ್ಕ ಓಡಾಟ. ಹಾಗಾಗಿ ಮೂರನೆಯದೂ ಆದೀತು, ನಾಲ್ಕನೆಯದೂ ಆದೀತು. ಎರಡನ್ನೂ ನುಡಿಸಿ ನೋಡಿದ. ನಾಲ್ಕನೆಯದು ಅಜ್ಜಿಯ ದನಿಗಿಂತ ಬಹಳ ಎತ್ತರವಾಯಿತೆಂದು ತಾನೇ ಬಿಟ್ಟ. ನಾಲ್ಕನೆಯ ರಂಧ್ರವನ್ನು ಊದುತ್ತಿದ್ದವನು ಎಳೆದು ಹೊರಟ ಕೂಡಲೇ ಮೊದಲ ಸಾಲು ಬಂತು. ಎರಡನೆಯ ಸಾಲಿನ ಹೊತ್ತಿಗೆ ಎದೆ ತುಂಬಿ ನಿಂತುಬಿಟ್ಟ. ಮೂಗಿನಿಂದ ಉಸಿರು ಬಿಡುವ ಅಭ್ಯಾಸಕ್ಕೆ ಇನ್ನೂ ಹದಿನೈದು ದಿನ ಹಿಡಿಯಿತು.