ಗಡ್ಡೆಗೇ ವಿಷ ಹೊತ್ತೊಯ್ಯುವ ಔಷಧ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಸ್ತನ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆಂದು ಬೆಳಗಾವಿಗೂ ಹೋಗುತ್ತಾರೆ, ಗಡಿ ದಾಟಿ ಮಿರಜ, ಕೊಲ್ಲಾಪುರಗಳಿಗೂ ಹೋಗುತ್ತಾರೆ. ಅವರ ಫೈಲಿನಲ್ಲಿ ‘ಹರ್-2 ಪಾಸಿಟಿವ್’ ಎಂದಿದ್ದರೆ ವೈದ್ಯರು ಕೀಮೋಥೆರಪಿಯ ಜೊತೆಗೆ ಬೇರೊಂದು ಬಗೆಯ ಇಂಜೆಕ್ಷನ್ನಿನ ಮಾತೆತ್ತುತ್ತಾರೆ. ಏನಿದು?

ಹರ್-2 ಎಂಬುದು ಜೀವಕೋಶದ ಹೊರಮೈಯಲ್ಲಿರುವ ಪ್ರೋಟೀನು. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 15ರಿಂದ 20ರಲ್ಲಿ ಇದು ಅತಿಯಾಗಿರುತ್ತದೆ. ರಕ್ತದಲ್ಲಿರುವ ಪ್ರತಿಕಾಯಗಳು ರೋಗಾಣುವನ್ನು ಗುರುತಿಸಿ ಹಿಡಿಯುತ್ತವಷ್ಟೆ? ಹಾಗೆಯೇ ಈ ಪ್ರೋಟೀನನ್ನೇ ಹುಡುಕಿ ಹಿಡಿಯುವ, ಕೃತಕವಾಗಿ ತಯಾರಿಸಿದ ಪ್ರತಿಕಾಯವೇ ಟ್ರಾಸ್ಟುಜುಮ್ಯಾಬ್. ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ಇದನ್ನು ತಾನೇ ತಯಾರಿಸಿ ಮಾರುಕಟ್ಟೆಗೆ ತಂದಿತು.

ಇಂಥ ಪ್ರತಿಕಾಯದ ಮೈಗೆ, ಬಿಡಿಯಾಗಿ ಕೊಡಲಾಗದಷ್ಟು ಉಗ್ರವಾದ ವಿಷವನ್ನು ಕಟ್ಟಿ ಕಳಿಸಿದರೆ ಅದು ಕ್ಯಾನ್ಸರ್ ಕೋಶದೊಳಕ್ಕೇ ಹೋಗಿ ಬಿಚ್ಚಿಕೊಳ್ಳುತ್ತದೆ. ಟ್ರಾಸ್ಟುಜುಮ್ಯಾಬ್ ಎಂಟಾನ್ಸಿನ್ ಎಂಬ ಔಷಧಿ ಈ ಜಾತಿಯದು. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆಯಿತು. 2021ರಲ್ಲಿ ಅಹಮದಾಬಾದಿನ ಝೈಡಸ್ ಕಂಪನಿ ಅದರ ದೇಶೀ ರೂಪವನ್ನು ಕಡಿಮೆ ಬೆಲೆಗೆ ತಂದಿತು.

ಆದರೆ ಕಟ್ಟುವುದು ಎಲ್ಲಿ? ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ಟ್ರೇಲರನ್ನು ಹಿಂದಿನ ಹುಕ್ಕಿಗೇ ಕಟ್ಟಬೇಕು, ಮುಂದಿನ ಗಾಲಿಗಲ್ಲ. ಎಂಟಾನ್ಸಿನ್‌ನಲ್ಲಿ ವಿಷ ಅಂಟುವುದು ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ. ಪ್ರತಿಕಾಯವೊಂದರಲ್ಲಿ ಲೈಸಿನ್‌ಗಳು ಹತ್ತಾರು. ಹೀಗಾಗಿ ಒಂದೇ ಬಾಟಲಿಯಲ್ಲಿ ಕೆಲವು ಪ್ರತಿಕಾಯಗಳು ಬರಿಗೈಯಲ್ಲಿರುತ್ತವೆ, ಕೆಲವು ಏಳೆಂಟು ಹೊರೆ ಹೊತ್ತಿರುತ್ತವೆ, ಸರಾಸರಿ 3.5. ಬರಿಗೈಯವು ಕ್ಯಾನ್ಸರ್ ಕೋಶದ ಮೇಲೆ ಸುಮ್ಮನೆ ಜಾಗ ಹಿಡಿಯುತ್ತವೆ. ಹೊರೆ ಹೆಚ್ಚಾದವು ರಕ್ತದಿಂದ ಬೇಗ ಹೊರಬೀಳುತ್ತವೆ.

2008ರಲ್ಲಿ ಅಮೆರಿಕದ ಜೆನೆನ್‌ಟೆಕ್ ಸಂಸ್ಥೆಯ ಜಗತ್ ರೆಡ್ಡಿ ಜುನುತುಲ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಪ್ರಕಟಿಸಿದರು. ಪ್ರತಿಕಾಯದ ಗೊತ್ತಾದ ಒಂದು ಸ್ಥಾನದಲ್ಲಿ ಮೂಲ ಅಮೈನೋ ಆಮ್ಲವನ್ನು ತೆಗೆದು, ಗಂಧಕವುಳ್ಳ ಸಿಸ್ಟೀನ್ ಕೂರಿಸಿದರು. ಅದೇ ಹುಕ್ಕು. ಪ್ರತಿಕಾಯಕ್ಕೆ ಸಮನಾದ ಎರಡು ಪಾಲುಗಳಿರುವುದರಿಂದ ಹುಕ್ಕೂ ಎರಡು, ಹೊರೆಯೂ ಎರಡೇ. ಇಲಿಗಳ ಗಡ್ಡೆಯ ಮೇಲೆ ಔಷಧದ ಬಲ ಕುಗ್ಗಲಿಲ್ಲ. ಪ್ರಾಣಿಗಳ ದೇಹ ಅದನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡಿತು. ಹುಕ್ಕಿನ ಜಾಗ ತಪ್ಪಿದರೆ ವಿಷ ದಾರಿಯಲ್ಲೇ ಕಳಚುವುದುಂಟು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ನನಗೆ ಮುಖ್ಯವೆನಿಸುವುದು ಇದೇ: ಹೊಸ ವಿಷ ಹುಡುಕುವಷ್ಟೇ ಕಷ್ಟ ಅದನ್ನು ಕಟ್ಟುವ ಜಾಗ ಹುಡುಕುವುದು.

ಇನ್ನೊಂದು ಔಷಧಿ ಟ್ರಾಸ್ಟುಜುಮ್ಯಾಬ್ ಡೆರುಕ್ಸ್ಟೆಕಾನ್. ಇದರಲ್ಲಿ ಪ್ರತಿಕಾಯದಲ್ಲಿ ಮೊದಲೇ ಇರುವ ಸಿಸ್ಟೀನ್‌ಗಳನ್ನೇ ಬಳಸಿ ಸುಮಾರು ಎಂಟು ಹೊರೆ ಕಟ್ಟುತ್ತಾರೆ.

ಮೂರರ ಹೆಸರೂ ಟ್ರಾಸ್ಟುಜುಮ್ಯಾಬ್ ಎಂದೇ ಶುರುವಾಗುತ್ತದೆ. ಅಪಾಯವಿರುವುದು ಇಲ್ಲಿಯೇ. ಮೂರು ವಾರಕ್ಕೊಮ್ಮೆ ಕೊಡುವಾಗ ಬರೀ ಟ್ರಾಸ್ಟುಜುಮ್ಯಾಬ್‌ನ ಪ್ರಮಾಣ ದೇಹತೂಕದ ಕಿಲೋಗೆ 6 ಮಿಲಿಗ್ರಾಂ (ಮೊದಲ ಸಲ 8), ಎಂಟಾನ್ಸಿನ್‌ನದು 3.6. ಒಂದರ ಬದಲು ಇನ್ನೊಂದನ್ನು ಕೊಡುವಂತಿಲ್ಲ. ಮಿರಜದಲ್ಲಿ ಶುರುವಾದ ಚಿಕಿತ್ಸೆಯನ್ನು ಬೆಳಗಾವಿಯಲ್ಲಿ ಮುಂದುವರಿಸುವವರು ಔಷಧಿಯ ಪೂರ್ತಿ ಹೆಸರಿರುವ ಡಿಸ್ಚಾರ್ಜ್ ಕಾಗದವನ್ನು ಒಯ್ಯಲೇಬೇಕು. ಬಾಯಿಮಾತು ಸಾಲದು.

ಎಂಟಾನ್ಸಿನ್ ತೆಗೆದುಕೊಳ್ಳುವವರಿಗೆ ಪ್ಲೇಟ್‌ಲೆಟ್ ಮತ್ತು ಯಕೃತ್ತಿನ ಪರೀಕ್ಷೆ ಆಗುತ್ತಿರಬೇಕು. ಡೆರುಕ್ಸ್ಟೆಕಾನ್ ಕೆಲವರ ಶ್ವಾಸಕೋಶಕ್ಕೆ ಊತ ತರುತ್ತದೆ, ಅದು ಪ್ರಾಣಕ್ಕೂ ಬರಬಹುದು. ನಿಪ್ಪಾಣಿಯಂಥ ಊರಿನಲ್ಲಿ ಕೆಮ್ಮು ಬಂದರೆ ತಂಬಾಕಿನ ಧೂಳೆಂದು ಸುಮ್ಮನಿರುವುದು ರೂಢಿ. ಈ ಔಷಧಿ ನಡೆಯುತ್ತಿರುವಾಗ ಹೊಸದಾಗಿ ಒಣಕೆಮ್ಮು, ಜ್ವರ ಅಥವಾ ದಮ್ಮು ಕಾಣಿಸಿದರೆ ಮುಂದಿನ ಸಲೈನಿನ ದಿನದವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು.